ಹನ್ನೆರಡನೇ ಚೀಟಿ

ನನ್ನ ತಮ್ಮಗ ಎಂದೂ ಯಾವ ಚೀಟಿನೂ ಎದ್ದಿದ್ದಿಲ್ಲ.
ಖಡೇಬಜಾರದ ದೀಪಾವಳಿ ಕೂಪನ್ನು, ಏಳು ವರ್ಷ, ಏಳೂ ಸಲ
ಪ್ಲಾಸ್ಟಿಕ್ ಹಣಿಗಿ ಹಿಡಕೊಂಡು ಬಂದ.
"ತಲಿ ಒಂದ, ಹಣಿಗಿ ಏಳು" ಅಂತ ನಗತಿದ್ದ.
ಆಮ್ಯಾಲ ಒಂದು ಹಣಿಗಿನೂ ಬ್ಯಾಡಾತು.

ಮುಂಬೈದಾಗ ಡಾಕ್ಟರು ರೋಗದ ಹೆಸರು ಹೇಳಿದ್ರು.
ಕಾಗದದ ಮ್ಯಾಲ ಒಂದೂವರಿ ಸಾಲು,
ನನ್ನ ಬಾಯಾಗ ಇವತ್ತಿಗೂ ಪೂರಾ ಬಂದಿಲ್ಲ.
ಹತ್ತು ಲಕ್ಷಕ್ಕ ಒಬ್ಬರಿಗೆ, ಅಂದ್ರು.
ಉದ್ಯಮಬಾಗದ ಲೇಥಿನ ಮ್ಯಾಲ
ಕೂದಲೆಳಿಗಿಂತ ಸಣ್ಣ ಲೆಕ್ಕಾ ಹಿಡಿಯಾಂವ,
ಬರೂಮುಂದ ರೈಲಿನ್ಯಾಗ ಬೆರಳು ಮಡಚಿ ಹೇಳಿದ:
"ಅಕ್ಕಾ, ಇಡೀ ಬೆಳಗಾವಿ ಕೂಡಿದ್ರೂ ಅರ್ಧಾ ಮನಷ್ಯಾ ಆಕ್ಕಾನ.
ಉಳದರ್ಧಾ ಹುಬ್ಬಳ್ಳ್ಯಾಗ ಇರಬೇಕು.
ಪಾಪ, ಅವಂಗ ಗೊತ್ತೈತೋ ಇಲ್ಲೋ."

ಔಷಧ ಯಾಕಿಲ್ಲ ಅಂದ್ರ, ರೋಗಿಗಳು ಸಾಲೂದಿಲ್ಲ.
ದೊಡ್ಡ ದವಾಖಾನಿ ಬಾಕಿನ ಮ್ಯಾಲ ಕುಂತು ಕಲ್ತ ಮಾತಿದು.
ಗಿರಾಕಿ ಇಲ್ಲದ ಸೀರಿ ನಮ್ಮ ವಡಗಾವ್ಯಾಗ ಯಾರು ನೇಯತಾರ?
ಒಬ್ಬಾಕಿ ಡಾಕ್ಟರು ಮಾತ್ರ ನೇಯಾಕ ಹತ್ಯಾಳ.
ಸಣ್ಣ ಖೋಲಿ, ಎರಡು ಫ್ರಿಜ್,
ಒಳಗ ಗಾಜಿನ ಮ್ಯಾಲ ನನ್ನ ತಮ್ಮನ ಚೂರು,
ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ.
ನಂಬರ್ ಐತಿ. ಹೆಸರಿಲ್ಲ.

ಅಂವ ಹ್ವಾದ ಮ್ಯಾಲ ಡಬ್ಬಿ ಹಿಡಕೊಂಡು ಅಡ್ಡಾಡಿದೆ,
ಶಹಾಪುರದಿಂದ ಎರಡನೇ ರೈಲ್ವೆ ಗೇಟಿನ ತನಕಾ.
"ಯಾರಿಗೆ ಆರಾಮಿಲ್ಲ?"
"ತಮ್ಮಗ. ತೀರಿಕೊಂಡ."
"ಮತ್ತ ರೊಕ್ಕಾ ಯಾಕ?"
ಗೇಟ್ ಬಿದ್ದಿತ್ತು. ಗಾಡಿ ಹಾಯೂತನಕಾ ಯೋಚನಿ ಮಾಡಿದೆ.
ಉತ್ತರ ನಾಲಗಿಗೆ ಬರೂದ್ರಾಗ ಗೇಟ್ ಎದ್ದು
ಕೇಳಿದಾಂವ ಸೈಕಲ್ ಹತ್ತಿ ಹೋಗಿಬಿಟ್ಟಿದ್ದ.
ಒಂದು ದಿನಕ್ಕ ನಾಕ್ನೂರಾ ಮೂವತ್ತು ರೂಪಾಯಿ,
ಅದರಾಗ ಹತ್ತರ ನೋಟೊಂದು ಹರದಿತ್ತು.

ಭಿಶಿಯೊಳಗ ನಾವು ಹನ್ನೊಂದು ಮಂದಿ,
ತಿಂಗಳಿಗೆ ತಲಿಗೆ ಸಾವಿರ.
ಸುಲೋಚನಾ ವೈನಿನ ಅಂದ್ಲು:
"ಅವನ್ನೂ ಹಾಕೂಣು, ಹನ್ನೆರಡನೇದಾಂವ.
ಅವನ ಕಂತಿಗೆ ತಲಿಗೆ ನೂರು ತುಂಬೂಣು,
ಮ್ಯಾಲ ಉಳದ ನೂರಕ್ಕ ಚಹಾ, ಚೂಡಾ.
ಅವನ ಚೀಟಿ ಎದ್ದ ತಿಂಗಳು ಪೂರಾ ಹನ್ನೆರಡು ಸಾವಿರ ಆ ಡಾಕ್ಟರಿಗೆ."
ತಾನವ್ವ ಸಿಡದ್ಲು:
"ಸತ್ತವರ ಹೆಸರು ಇದ್ದವರ ಡಬ್ಬ್ಯಾಗ ಹಾಕತಾರೇನ?"
ಅಕಿ ನೂರು ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ.
ಕೈಯಾಗ ಕೊಡತಿದ್ದಿಲ್ಲ,
ನನ್ನ ಹೊಲಿಗಿ ಮಷೀನಿನ ಮ್ಯಾಲ ಇಟ್ಟು ಮೂಲಿಗೆ ಸರೀತಿದ್ಲು.

ಚೀಟಿ ಎತ್ತಾಕಿ ಮೆಹಬೂಬಿ ಮೊಮ್ಮಗಳು ನಾಜನೀನ,
ಈಗಷ್ಟ ಒಂದನೇತ್ತಿ.
ಎದ್ದ ಹೆಸರಿನಾಕಿ "ಓ" ಅನಬೇಕು, ಅದು ನಮ್ಮ ರೂಢಿ.
ಮೊದಲ ಪ್ರೇಮಕ್ಕ ಓ ಅಂದು ಮಗಳ ಫೀ ಕಟ್ಟಿದ್ಲು.
ಆಮ್ಯಾಲ ಮೆಹಬೂಬಿ, ಛತ್ತಿನ ತಗಡು.
ನಂದೂ ಬಂತು, ಶ್ರಾವಣದಾಗ.
ಅವಂದು ಬರಲಿಲ್ಲ. ಅವಂದು ಬರೂದುಂಟ?
ಖರೇ ಹೇಳಬೇಕಂದ್ರ, ಬರೂದು ಬ್ಯಾಡ ಅಂತನೂ ಬೇಡಕೊಂಡೀನಿ.
ಬರೂತನಕಾ ಡಬ್ಬ್ಯಾಗ ಇರತಾನ,
ತಿಂಗಳಿಗೊಮ್ಮೆ ಅಲ್ಲಾಡಿಸಿದ್ರ
ಸಪ್ಪಳಾ ಮಾಡತಾನ.

ಹನ್ನೆರಡನೇ ತಿಂಗಳಿಗೆ ಉಳದಿದ್ದು ಒಂದ ಚೀಟಿ.
ಎತ್ತೂ ಕಾರಣ ಇದ್ದಿದ್ದಿಲ್ಲ.
ಆದ್ರೂ ನಾಜನೀನ ಕಣ್ಣು ಗಟ್ಟಿ ಮುಚ್ಚಿ,
ಡಬ್ಬಿ ಝಾಡಿಸಿ, ಮೊಣಕೈ ತನಕಾ ಕೈ ಹಾಕಿ ಹುಡಿಕಿದ್ಲು,
ಹನ್ನೆರಡೂ ಒಳಗ ಇದ್ದಂಗ.
ಬಿಚ್ಚಿ, ಅಕ್ಷರಕ್ಕೊಂದು ಬೆರಳಿಟ್ಟು ಓದಿದ್ಲು:
ಮು. ರಿ. ಗೇ. ಶ.

ಚಹಾ ಆರತಿತ್ತು.
ನಾವೆಲ್ಲಾ ನೆಲಾ ನೋಡಕೋತ ಕುಂತಿದ್ವಿ.
ಮತ್ತೊಮ್ಮೆ ಓದಿದ್ಲು, ಈ ಸಲ ಕೂಡಿಸಿ, ಜೋರಾಗಿ.
ಮೂಲ್ಯಾಗಿಂದ ತಾನವ್ವ ಅಂದ್ಲು:
"ಯಾರರ ಓ ಅನ್ರೆವಾ,
ಕೂಸು ಕರಿಯಾಕ ಹತ್ತೈತಿ."